ಅತ್ತೆಯ ಸ್ಪೀಕರಿನಲ್ಲಿ ಬಂದ ದನಿ

ಅತ್ತೆ ಮಗಳ ಮನೆಗೆ ಬಂದು ನೆಲೆಸಿದ ದಿನ ಅವರ ಜೊತೆ ಒಂದು ಸೂಟ್‌ಕೇಸು ಬಂತು. ಅದರ ಹಿಂದೆಯೇ ಇಬ್ಬರು ಆಳುಗಳು ಏದುಸಿರು ಬಿಡುತ್ತ ಒಂದು ಆಂಪ್ಲಿಫೈಯರನ್ನೂ ಸೊಂಟದೆತ್ತರದ ಎರಡು ಸ್ಪೀಕರುಗಳನ್ನೂ ಮೆಟ್ಟಿಲು ಹತ್ತಿಸಿದರು. ಸೂಟ್‌ಕೇಸಿಗೆ ಜಾಗವಿತ್ತು. ಉಳಿದ ಮೂರನ್ನು ಎಲ್ಲಿ ಇಡುವುದೆಂದು ತೋಚದೆ ಅಳಿಯ ಬಾಗಿಲಲ್ಲೇ ನಿಂತು ತಲೆ ಕೆರೆದುಕೊಂಡ.

ಅವನು ಪರದೆ ಹೊಲಿಯುವವನು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಉದ್ದನೆಯ ಮೇಜು, ಅದರ ತುದಿಯಲ್ಲಿ ಹೊಲಿಗೆ ಯಂತ್ರ, ಮೂಲೆಯಲ್ಲಿ ನಿಲ್ಲಿಸಿದ ಬಟ್ಟೆಯ ಸುರುಳಿಗಳು, ಡಬ್ಬಿಗಳಲ್ಲಿ ಕೊಕ್ಕೆ, ಬಳೆ, ಪರದೆ ಗಾಳಿಗೆ ಹಾರದಂತೆ ಅಂಚಿನೊಳಗೆ ಸೇರಿಸುವ ಸೀಸದ ಬಿಲ್ಲೆ. ಕೊನೆಗೆ ನಾಲ್ಕು ಸುರುಳಿಗಳನ್ನು ಮಂಚದ ಕೆಳಗೆ ತಳ್ಳಿ, ಸ್ಪೀಕರುಗಳನ್ನು ಕಿಟಕಿಯ ಎರಡು ಬದಿಗೆ ನಿಲ್ಲಿಸಿದ್ದಾಯಿತು. ಯಾವುದೋ ಕಚೇರಿಯ ಕಾವಲುಗಾರರು ದಾರಿ ತಪ್ಪಿ ಬಂದು ನಿಂತ ಹಾಗೆ ಅವು ಕಾಣುತ್ತಿದ್ದವು.

ಅತ್ತೆ ಮೂವತ್ತೊಂದು ವರ್ಷ ಒಂದು ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್ ಆಗಿದ್ದವರು. ರಂಗದ ಪಕ್ಕದಲ್ಲಿ, ಜನಕ್ಕೆ ಕಾಣದ ಕಡೆ ಸ್ಟೂಲಿನ ಮೇಲೆ ಕೂತು, ನಟರಿಗೆ ಮಾತು ಮರೆತಾಗ ಮುಂದಿನ ಪದವನ್ನು ಪಿಸುಗುಟ್ಟಿ ಹೇಳಿಕೊಡುವುದು ಅವರ ಕೆಲಸ. ಕಂಪನಿ ಮುಚ್ಚಿ, ಕಟ್ಟಡ ಮಾರಾಟವಾದಾಗ ಬೇಕಾದ್ದನ್ನು ತೆಗೆದುಕೊಂಡು ಹೋಗಿ ಎಂದು ಯಜಮಾನರು ಹೇಳಿದರಂತೆ. ಒಬ್ಬರು ಕನ್ನಡಿ ಒಯ್ದರು, ಇನ್ನೊಬ್ಬರು ರಾಜನ ಕುರ್ಚಿ ಒಯ್ದರು. ಅತ್ತೆ ಈ ಮೂರನ್ನು ತಂದರು. ಆದರೆ ಅವಕ್ಕೆ ಹಾಕುವ ಕ್ಯಾಸೆಟ್ಟುಗಳು ಬೂಸಲು ಹಿಡಿದು ಎಂದೋ ಕಸಕ್ಕೆ ಹೋಗಿದ್ದವು. ಹಾಗಾಗಿ ಆರು ತಿಂಗಳು ಅವು ತುಟಿ ಪಿಟಕ್ಕೆನ್ನಲಿಲ್ಲ.

ಮನೆಯಲ್ಲೂ ಮಾತು ಅಷ್ಟಕ್ಕಷ್ಟೇ. ಅವನ ಹೆಂಡತಿ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಮೇಲ್ವಿಚಾರಕಿ. ಬೆಳಿಗ್ಗೆ ಆರಕ್ಕೆ ಹೊರಟರೆ ಮಧ್ಯಾಹ್ನ ಮೂರಕ್ಕೆ ಬರುವವಳು. ಅಲ್ಲಿಯವರೆಗೆ ಅತ್ತೆ ಮತ್ತು ಅಳಿಯ ಇಬ್ಬರೇ. ಅತ್ತೆಗೆ ಅಳಿಯನೆಂದರೆ ಸಂಕೋಚ, ಅಳಿಯನಿಗೆ ಅತ್ತೆಯೆಂದರೆ ಮರ್ಯಾದೆ. ಎರಡೂ ಸೇರಿದರೆ ಮನೆಯಲ್ಲಿ ಎಷ್ಟು ಮಾತು ಹುಟ್ಟೀತು? ಸಾಲದ್ದಕ್ಕೆ ಮೂವತ್ತೊಂದು ವರ್ಷ ಪಿಸುಗುಟ್ಟಿ ಪಿಸುಗುಟ್ಟಿ ಅತ್ತೆಯ ದನಿಯೇ ಒಳಗೆ ಹೋಗಿಬಿಟ್ಟಿತ್ತು. ಯಂತ್ರದ ಸದ್ದಿನ ನಡುವೆ ಅವರು ಏನಾದರೂ ಕೇಳಿದರೆ ಅವನು ಕಾಲು ನಿಲ್ಲಿಸಿ "ಆಂ?" ಅನ್ನಬೇಕು. ಅವರು ಮತ್ತೆ ಹೇಳುವರು. ಅವನು ಮತ್ತೆ "ಆಂ?" ಅನ್ನುವನು. ಮೂರನೇ ಸಲಕ್ಕೆ ಅವರು ಏನಿಲ್ಲ ಬಿಡಿ ಎಂದು ಒಳಗೆ ಹೋಗುವರು. ಅವರು ಕೇಳಿದ್ದು ಚಹಾ ಬೇಕೇ ಎಂಬುದು ಅವನಿಗೆ ಅರ್ಧ ಗಂಟೆಯ ಮೇಲೆ ಹೊಳೆಯುವುದು.

ಒಂದು ದಿನ ಅವನು ಸೂಜಿ, ದಾರ ತರಲು ಹೋದವನು ಬಸ್ ನಿಲ್ದಾಣದ ಪಕ್ಕದ ತಳ್ಳುಗಾಡಿಯ ಮುಂದೆ ನಿಂತ. ಚಾರ್ಜರು, ಕೇಬಲ್ಲು, ಇಯರ್‌ಫೋನುಗಳು ಹೀರೇಕಾಯಿಯ ಹಾಗೆ ಜೋತುಬಿದ್ದಿದ್ದವು. ಹಳೇ ಸ್ಪೀಕರಿಗೆ ಫೋನಿನಿಂದ ಹಾಡು ಬರಿಸಲು ಏನಾದರೂ ಇದೆಯೇ ಎಂದು ಕೇಳಿದ. ಗಾಡಿಯವನು ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಪೆಟ್ಟಿಗೆಯೊಂದನ್ನು ಅವನ ಅಂಗೈಯಲ್ಲಿಟ್ಟ. ಇದನ್ನು ಆಂಪ್ಲಿಫೈಯರಿಗೆ ಚುಚ್ಚಿದರೆ ಸಾಕು, ಫೋನು ಮನೆಯ ಯಾವ ಮೂಲೆಯಲ್ಲಿದ್ದರೂ ಹಾಡು ಇಲ್ಲಿ ಬರುತ್ತದೆ ಎಂದ. ಬೆಲೆ ಎರಡು ಊಟದಷ್ಟೂ ಇರಲಿಲ್ಲ. ಇಷ್ಟು ಅಗ್ಗದ್ದು ಎಷ್ಟು ದಿನ ಬಂದೀತು ಎಂದುಕೊಂಡೇ ಅವನು ಅದನ್ನು ಜೇಬಿಗೆ ಹಾಕಿಕೊಂಡ.

ಮನೆಗೆ ಬಂದು ಆಂಪ್ಲಿಫೈಯರಿನ ಬೆನ್ನಿನ ಧೂಳು ಒರೆಸಿ, ಕೆಂಪು ತಂತಿ ಕೆಂಪಿಗೆ, ಬಿಳಿ ತಂತಿ ಬಿಳಿಗೆ ಸಿಕ್ಕಿಸಿದ. ಪೆಟ್ಟಿಗೆಯಲ್ಲಿ ನೀಲಿ ದೀಪ ಮಿನುಗಿತು. ಒಂದು ಹೆಣ್ಣು ದನಿ ಸ್ಪೀಕರಿನಿಂದ ಗಟ್ಟಿಯಾಗಿ "ಕನೆಕ್ಟೆಡ್" ಎಂದಾಗ ಅಡುಗೆಮನೆಯಲ್ಲಿದ್ದ ಅತ್ತೆ ಯಾರೋ ಬಂದರೆಂದು ಸೆರಗು ಸರಿಮಾಡಿಕೊಂಡು ಹೊರಗೆ ಬಂದರು. ಬಂದವರು ಯಾರೂ ಇರಲಿಲ್ಲ. ಅಳಿಯ ಫೋನಿನಲ್ಲಿ ಬೆರಳಾಡಿಸಿದ. ಕಿಟಕಿಯ ಎರಡೂ ಬದಿಯಿಂದ ಪಿಟೀಲು ಏರಿ ಬಂತು. ಸ್ಪೀಕರಿನ ಹರಿದ ಬಟ್ಟೆ ಸಣ್ಣಗೆ ನಡುಗಿತು. ಅತ್ತೆ ಅಲ್ಲೇ ಮೋಡದ ಮೇಲೆ ಕೂತಂತೆ ಬಟ್ಟೆಯ ರಾಶಿಯ ಮೇಲೆ ಕೂತುಬಿಟ್ಟರು. ಅದು ಗಿರಾಕಿಯೊಬ್ಬರ ರೇಷ್ಮೆ ಎಂದು ಹೇಳಲು ಅಳಿಯನಿಗೆ ಬಾಯಿ ಬರಲಿಲ್ಲ.

ಆಮೇಲೆ ಅತ್ತೆ ಪರೀಕ್ಷೆ ಶುರುಮಾಡಿದರು. ಎಂದೋ ತಾಲೀಮಿನ ಹೊತ್ತಿಗೆ ಕೇಳಿದ್ದ ಹಾಡೊಂದರ ಅರ್ಧ ಸಾಲು ಹೇಳಿ, ಇದಂತೂ ಸಿಗಲಾರದು ಎಂದರು. ಸಿಕ್ಕಿತು. ಇನ್ನೊಂದು ಹೇಳಿದರು, ಅದೂ ಸಿಕ್ಕಿತು. ವಾರ ಕಳೆಯುವಷ್ಟರಲ್ಲಿ ಬೆಳಗಿನ ಕೆಲಸದ ಕ್ರಮವೇ ಬದಲಾಗಿತ್ತು. ನೆರಿಗೆ ಹಿಡಿಯುವಾಗ ನಿಧಾನದ್ದು, ಉದ್ದ ಹೊಲಿಗೆ ಬಿಡುವಾಗ ಚುರುಕಿನದು, ಇಸ್ತ್ರಿಗೆ ಬರೀ ವಾದ್ಯದ್ದು. ಅಳಿಯ ಉಳಿಕೆ ಬಟ್ಟೆಯಲ್ಲಿ ಸ್ಪೀಕರುಗಳಿಗೆ ಹೊಸ ಮುಖ ಕಟ್ಟಿದ. ಅತ್ತೆ ಸೀಸದ ಬಿಲ್ಲೆಗಳನ್ನು ಅಂಚಿಗೆ ಸೇರಿಸುವ ಕೆಲಸವನ್ನು ತಾವಾಗಿಯೇ ಕೈಗೆತ್ತಿಕೊಂಡರು. ಮಾತು ಹೆಚ್ಚಾಯಿತೆಂದಲ್ಲ. ಆದರೆ ಮಾತಿಲ್ಲದಿರುವುದು ಈಗ ಇಬ್ಬರಿಗೂ ಭಾರವಾಗುತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ, ಹತ್ತು ಗಂಟೆಯ ಸುಮಾರಿಗೆ, ಅವನು ಅಳತೆ ತೆಗೆಯಲು ಹೊರಗೆ ಹೋಗಿ ಬಂದು ಬೂಟು ಕಳಚುತ್ತಿದ್ದ. ಅತ್ತೆ ಆಗಷ್ಟೇ ಪೆಟ್ಟಿಗೆಯ ಸ್ವಿಚ್ಚು ಹಾಕಿದ್ದರು. "ಕನೆಕ್ಟೆಡ್" ಎಂದಿತು ಹೆಣ್ಣು ದನಿ. ಹಿಂದೆಯೇ ಒಬ್ಬ ಗಂಡಸಿನ ದನಿ ಕೋಣೆ ತುಂಬ ಕೇಳಿಸಿತು.

"ಮ... ಮ... ಮೊದಲನೇ ಸಾಲು ಓದಿ. ಈಗ ಕಾ... ಕಾಣುತ್ತಾ?"

"ಕಾಣುತ್ತೆ" ಎಂದರು ಅತ್ತೆ, ಕೈಯಲ್ಲಿದ್ದ ಕ್ಯಾಲೆಂಡರು ನೋಡುತ್ತ. ಆಮೇಲೆ ತಾವು ಯಾರಿಗೆ ಉತ್ತರ ಕೊಟ್ಟೆವೆಂದು ಬೆಚ್ಚಿ ಅಳಿಯನ ಮುಖ ನೋಡಿದರು.

ದನಿ ಒಂದೆರಡು ಕ್ಷಣ ನಿಂತು, ಮತ್ತೆ ಮೊದಲಿನಿಂದ ಬಂತು. ಈ ಸಲ ಇನ್ನೂ ಜೋರಾಗಿ. ಆಮೇಲೆ ನಿಂತೇಹೋಯಿತು. ಅಳಿಯ ತನ್ನ ಫೋನು ತೆಗೆದು ನೋಡಿದ. ಅದರಲ್ಲಿ ಏನೂ ಓಡುತ್ತಿರಲಿಲ್ಲ.

ಮಾರನೆಯ ದಿನ ಅದೇ ಹೊತ್ತಿಗೆ ಮತ್ತೆ ಅದೇ ದನಿ. "ಇದು ಚೆನ್ನಾಗಿದೆಯಾ, ಮ... ಮ... ಮೊದಲಿಂದು ಚೆನ್ನಾಗಿತ್ತಾ?" ಮೂರನೆಯ ದಿನವೂ ಹಾಗೆಯೇ. ಯಾವುದೋ ಫೋನು ದಾರಿ ತಪ್ಪಿ ನಮ್ಮ ಪೆಟ್ಟಿಗೆಗೆ ಅಂಟಿಕೊಳ್ಳುತ್ತಿದೆ ಎಂಬುದು ಅಳಿಯನಿಗೆ ಅರ್ಥವಾಯಿತು. ಪೆಟ್ಟಿಗೆಗೆ ಬೀಗವೂ ಇಲ್ಲ, ಪಾಸ್‌ವರ್ಡೂ ಇಲ್ಲ. ಯಾರು ಮೊದಲು ಬಂದರೂ ಒಳಗೆ ಬಿಟ್ಟುಕೊಳ್ಳುತ್ತದೆ. ಅವನು ಸ್ವಿಚ್ಚಿಗೆ ಕೈ ಚಾಚಿದ. ಅತ್ತೆ ಅವನ ತೋಳು ಹಿಡಿದು ತಡೆದರು. ಅಲ್ಲಿಯವರೆಗೆ ಅವರು ಅವನ ಮೈ ಮುಟ್ಟಿ ಮಾತಾಡಿದವರಲ್ಲ.

ಇನ್ನೊಂದು ಸಲ ಕೇಳೋಣ ಎಂದರು. 'ಮ' ಅಕ್ಷರದಲ್ಲೇ ತಡೆಯುತ್ತದೆ, 'ಕ'ದಲ್ಲಿ ಸ್ವಲ್ಪ ಕಡಿಮೆ, ಉಸಿರು ಮುಗಿದ ಮೇಲೆ ಮಾತು ಶುರುಮಾಡುತ್ತಿದ್ದಾನೆ ಎಂದು ವೈದ್ಯರ ಹಾಗೆ ಪಟ್ಟಿ ಮಾಡಿದರು. ಪರರ ಮಾತು ಕೇಳುವುದು ಸರಿಯಲ್ಲ ಎಂದು ಅಳಿಯ ಹೇಳಿದ. ಸರಿಯಲ್ಲ ಎಂದು ಅತ್ತೆಯೂ ಒಪ್ಪಿದರು. ಒಪ್ಪಿಕೊಂಡು ಇನ್ನೆರಡು ದಿನ ಕೇಳಿದರು.

ವಿಷಯ ತಿಳಿದಾಗ ಅವನ ಹೆಂಡತಿ ಇಬ್ಬರನ್ನೂ ತರಾಟೆಗೆ ತೆಗೆದುಕೊಂಡಳು. ಸಾಲು ಓದಿಸುವುದು ಕಣ್ಣು ಪರೀಕ್ಷೆಯ ಮಾತಾದ್ದರಿಂದ ದನಿ ಯಾರದೆಂದು ಅವಳಿಗೆ ಕೂಡಲೇ ಹೊಳೆಯಿತು. ಮೇಲಿನ ಮಹಡಿಯಲ್ಲಿ ಒಬ್ಬನೇ ಇರುವವನು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಕನ್ನಡಕಕ್ಕೆ ಕೂರಿಸುವ ಕೆಲಸ. ಮೆಟ್ಟಿಲಲ್ಲಿ ಎದುರಾದರೆ ತಲೆಯಾಡಿಸಿ ಹೋಗುತ್ತಾನೆ, ಬಾಯಿ ಬಿಟ್ಟು ಒಂದು ಮಾತಿಲ್ಲ. ಕಟ್ಟಡದಲ್ಲಿ ಎಲ್ಲರೂ ಅವನಿಗೆ ಜಂಬ ಎಂದುಕೊಂಡಿದ್ದರು. ಅವಳೂ ಹಾಗೇ ಅಂದುಕೊಂಡಿದ್ದಳಂತೆ.

"ನಾಳೆನೇ ಹೋಗಿ ಹೇಳಿ" ಎಂದಳು ಗಂಡನಿಗೆ. "ತಾನು ಒಬ್ಬನೇ ಇದೀನಿ ಅಂತ ನಂಬ್ಕೊಂಡು ಮಾತಾಡ್ತಿದಾನೆ. ನೀವಿಬ್ರೂ ಇಲ್ಲಿ ಟಿಕೆಟ್ ತಗೊಂಡವರ ಹಾಗೆ ಕೂತಿದೀರಿ."

ಅವನು ಹೋಗಿ ಹೇಳಿದ. ಬಾಗಿಲಲ್ಲೇ, ಆದಷ್ಟು ಹಗುರವಾಗಿ, ನಗುತ್ತ. ತಳ್ಳುಗಾಡಿಯಲ್ಲಿ ಕೊಂಡ ಪೆಟ್ಟಿಗೆಯ ಕಥೆ ಹೇಳಿದ. ಕನ್ನಡಕದವನ ಕತ್ತಿನಲ್ಲಿ ತೂಗುತ್ತಿದ್ದ ಹೆಡ್‌ಫೋನೂ ಅದೇ ಗಾಡಿಯದು, ಫೋನಿನ ಪಟ್ಟಿಯಲ್ಲಿ ಎರಡಕ್ಕೂ ಒಂದೇ ಹೆಸರು. ತನ್ನ ದನಿಯನ್ನೇ ರೆಕಾರ್ಡು ಮಾಡಿ ಕೇಳಿಸಿಕೊಳ್ಳಲು ಹೊರಟವನು ಕೆಳಗಿನ ಪೆಟ್ಟಿಗೆಯನ್ನು ಒತ್ತಿದ್ದ. ಕಿವಿಯಲ್ಲಿ ಏನೂ ಬರದಿದ್ದಾಗ ವಾಲ್ಯೂಮು ಏರಿಸಿದ್ದ. ಇಷ್ಟು ತಿಳಿಯುತ್ತಿದ್ದಂತೆ ಕನ್ನಡಕದವನ ಮುಖದ ಬಣ್ಣ ಇಳಿಯಿತು.

"ಎ... ಎ... ಎಷ್ಟು ದಿನದಿಂದ?"

ಐದು ದಿನ ಎಂದ ಅಳಿಯ. ಎರಡು ಎಂದು ಹೇಳಬಹುದಿತ್ತು, ಆದರೆ ಸುಳ್ಳು ಸಮಯಕ್ಕೆ ಸಿಗಲಿಲ್ಲ. ಕನ್ನಡಕದವನು ತಲೆಯಾಡಿಸಿ, ಮೆತ್ತಗೆ ಬಾಗಿಲು ಹಾಕಿಕೊಂಡ.

ಅಂದಿನಿಂದ ಅವನು ಯಾರ ಕಣ್ಣಿಗೂ ಬೀಳಲಿಲ್ಲ. ಕಟ್ಟಡದ ಹಿಂದಿನ ಕಬ್ಬಿಣದ ಮೆಟ್ಟಿಲಿನಿಂದ ಹತ್ತಿ ಇಳಿಯುತ್ತಿದ್ದಾನೆ ಎಂದು ಯಾರೋ ಹೇಳಿದರು. ಹಾಡು ಹಾಕಲು ಮನಸ್ಸಾಗದೆ ಅಳಿಯ ಪೆಟ್ಟಿಗೆಯ ತಂತಿ ಕಿತ್ತು ಡಬ್ಬಿಯಲ್ಲಿಟ್ಟ. ಮನೆ ಮತ್ತೆ ಮೊದಲಿನಂತೆ ಸುಮ್ಮನಾಯಿತು. ಅತ್ತೆ ಎರಡು ದಿನ ನೋಡಿದರು, ಮೂರು ದಿನ ನೋಡಿದರು. ನಾಲ್ಕನೆಯ ದಿನ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಮಹಡಿ ಹತ್ತಿದರು.

ಅಲ್ಲಿ ಏನು ನಡೆಯಿತೆಂದು ಅವರೇ ಆಮೇಲೆ ಹೇಳಿದ್ದು. ಬಾಗಿಲು ಬಡಿದರೆ ತೆರೆಯಲಿಲ್ಲವಂತೆ. ಇವರು ಮೇಲಿನ ಮೆಟ್ಟಿಲ ಮೇಲೆ ಕೂತು, ಮುಚ್ಚಿದ ಬಾಗಿಲಿಗೇ ತಮ್ಮ ಕೆಲಸದ ಬಗ್ಗೆ ಹೇಳತೊಡಗಿದರಂತೆ. ಎಷ್ಟೋ ದೊಡ್ಡ ದೊಡ್ಡ ನಟರ ನಾಲಿಗೆ ಸಿಕ್ಕಿಕೊಂಡಾಗ ತಾವು ಬಿಡಿಸಿದ್ದನ್ನು, ಒಬ್ಬ ರಾಜನ ಪಾತ್ರದವನು ತನ್ನ ರಾಜ್ಯದ ಹೆಸರನ್ನೇ ಮರೆತು ಮಂತ್ರಿಯನ್ನು ಕೇಳಿದ್ದನ್ನು. ಅವರ ದನಿ ಅಷ್ಟು ಸಣ್ಣದಾದ್ದರಿಂದ ಒಳಗಿದ್ದವನು ಕೇಳಿಸಿಕೊಳ್ಳಲು ಬಾಗಿಲಿನ ಹತ್ತಿರ ಬರಬೇಕಾಯಿತು, ಇನ್ನೂ ಕೇಳಿಸಲು ಬಾಗಿಲು ತೆರೆಯಬೇಕಾಯಿತು. ತೆರೆದ ಮೇಲೆ ಅವನೂ ಒಂದಿಷ್ಟು ಹೇಳಿದ. ಅಂಗಡಿಯ ಯಜಮಾನ ತಿಂಗಳ ಕೊನೆಗೆ ಇನ್ನೊಂದು ಅಂಗಡಿ ತೆರೆಯುತ್ತಿದ್ದಾನೆ. ಮುಂದಿನ ಕೌಂಟರಿನಲ್ಲಿ ನಿಂತು ಬಂದವರ ಕಣ್ಣು ಪರೀಕ್ಷೆ ಮಾಡುವ ಕೆಲಸ ನಿನಗೆ ಬೇಕಾದರೆ ಹೇಳು, ಒಂದು ವಾರ ನೋಡೋಣ ಎಂದಿದ್ದಾನೆ. ಆ ಪರೀಕ್ಷೆಯನ್ನು ಅವನು ಸಂಜೆ ಕ್ಲಾಸಿಗೆ ಹೋಗಿ ಕಲಿತು, ಸರ್ಟಿಫಿಕೇಟೂ ತಂದಿದ್ದ. ಮೂರು ವರ್ಷದಿಂದ ಅದು ಟ್ರಂಕಿನಲ್ಲಿದೆ.

ಮಂಗಳವಾರ ಕನ್ನಡಕದ ಅಂಗಡಿಗೆ ರಜ. ಅಂದು ಹತ್ತು ಗಂಟೆಗೆ, ಅತ್ತೆ ಅಭ್ಯಾಸಕ್ಕೆ ಕರೆದಿದ್ದಂತೆ, ಕನ್ನಡಕದವನು ಪರದೆಯ ಮೇಜಿನ ಮುಂದೆ ಬಂದು ಕೂತ. ಕೈಯಲ್ಲಿ ಮಡಿಸಿದ ಅಕ್ಷರಗಳ ಚಾರ್ಟು. ಅದನ್ನು ಬಟ್ಟೆಯ ಸುರುಳಿಗೆ ಪಿನ್ನು ಚುಚ್ಚಿ ನಿಲ್ಲಿಸಿದರು. ಅಳಿಯ ಯಂತ್ರ ನಿಲ್ಲಿಸಿ, ತಾನು ಇಲ್ಲವೇ ಇಲ್ಲವೆಂಬಂತೆ ಕೊಕ್ಕೆ ಆರಿಸುತ್ತ ಕೂತ.

"ಮ... ಮ..." ಎಂದು ಕನ್ನಡಕದವನು ಶುರುಮಾಡಿದ.

"ಮೊದಲನೇ" ಎಂದರು ಅತ್ತೆ, ಅಭ್ಯಾಸಬಲದಿಂದ.

"ಮೊದಲನೇ ಸಾಲು ಓದಿ. ಈಗ ಕಾ..."

"ಕಾಣುತ್ತಾ."

"ಮ... ಮ..."

"ಮೊದಲಿಂದು."

ಹೀಗೆ ಹತ್ತು ನಿಮಿಷ ನಡೆಯಿತು. ಅತ್ತೆಯ ಮುಖ ಅರಳುತ್ತ ಹೋಯಿತು. ಎಷ್ಟೋ ತಿಂಗಳ ಮೇಲೆ ತಮ್ಮ ಹಳೆಯ ಕೆಲಸ ಸಿಕ್ಕ ಸಂತೋಷ ಅದು. ಕನ್ನಡಕದವನ ಮುಖ ಮಾತ್ರ ಗಟ್ಟಿಯಾಗುತ್ತ ಹೋಯಿತು. ಕೊನೆಗೆ ಅವನು ಎದ್ದು ನಿಂತ.

"ನನಗೆ ಮಾ... ಮಾ..." ಎಂದ. ಅತ್ತೆ ಬಾಯಿ ತೆರೆದರು. ಅವನು ಅಂಗೈ ಎತ್ತಿ ತಡೆದ. ಎಷ್ಟೋ ಹೊತ್ತು ಆ ಅಕ್ಷರದಲ್ಲೇ ಒದ್ದಾಡಿ ಕೊನೆಗೂ ಆಚೆ ಬಂದ. "ಮಾತು ಗೊತ್ತಮ್ಮ. ನಾನು ಮ... ಮರೆತಿಲ್ಲ. ಎಲ್ಲರೂ ಹೀಗೇ ಮಾಡ್ತಾರೆ. ನಾನು ಹೇಳೋ ಮುಂಚೆ ಅವರೇ ಹೇಳಿ ಮು... ಮುಗಿಸ್ತಾರೆ."

ಚಾರ್ಟನ್ನು ಅಲ್ಲೇ ಬಿಟ್ಟು ಹೊರಟುಹೋದ.

ಅಳಿಯ ಚಹಾ ಮಾಡಿ ತಂದು ಅತ್ತೆಯ ಮುಂದಿಟ್ಟ. ಅವರು ಅದನ್ನು ನೋಡಲೂ ಇಲ್ಲ. ಆಮೇಲೆ ಅವರು ಮಾತಾಡಿದಾಗ ಅವನು "ಆಂ?" ಅನ್ನಬೇಕಾಗಲಿಲ್ಲ. ಅಷ್ಟು ಗಟ್ಟಿಯಾಗಿತ್ತು ದನಿ.

"ಸ್ಟೇಜಿನ ಮೇಲೆ ಒಂದು ಉಸಿರಿನಷ್ಟು ಹೊತ್ತೂ ಮಾತು ನಿಲ್ಲಬಾರದು. ನಿಂತ್ರೆ ನನ್ನ ತಪ್ಪು. ಅದೊಂದೇ ನಾನು ಕಲಿತಿದ್ದು. ಸುಮ್ಮನಿರೋದು ಕಲೀಲೇ ಇಲ್ಲ."

ಅಂದು ಮಧ್ಯಾಹ್ನ ಅವರು ಅಳಿಯನಿಗೆ ಒಂದು ವಿಚಿತ್ರ ಕೆಲಸ ಹೇಳಿದರು. ನೀವು ಏನಾದರೂ ಹೇಳಲು ಶುರುಮಾಡಿ, ನಡುವೆ ನಿಲ್ಲಿಸಿ, ನಾನು ಕಾಯುತ್ತೇನೆ, ಆಗ ನನ್ನ ಮುಖ ಹೇಗಿರುತ್ತದೆಂದು ನೋಡಿ ಹೇಳಿ ಎಂದರು. ಇಷ್ಟು ವರ್ಷ ಕತ್ತಲಲ್ಲಿ ಕೂತವರು ಅವರು. ಅವರ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಹಾಗಾಗಿ ಅದನ್ನು ಹೇಗೆ ಇಟ್ಟುಕೊಳ್ಳಬೇಕೆಂದು ಅವರಿಗೆ ಗೊತ್ತೇ ಇರಲಿಲ್ಲ. ಅಳಿಯ "ನಾಳೆ ನಾನು" ಎಂದು ನಿಲ್ಲಿಸಿದ. ಅತ್ತೆಯ ಹುಬ್ಬು ಮೇಲೇರಿತು, ಕುತ್ತಿಗೆ ಮುಂದೆ ಬಂತು, ತುಟಿಗಳು ಅವನ ಪರವಾಗಿ ಮಾತು ಹುಡುಕತೊಡಗಿದವು.

ರೈಲು ತಪ್ಪಿಸಿಕೊಂಡವರ ಹಾಗೆ ಕಾಣುತ್ತೀರಿ ಎಂದ ಅಳಿಯ. ಹೇಳಿದ ಮೇಲೆ ಅತ್ತೆಗೆ ಹೀಗೆ ಹೇಳಬಾರದಿತ್ತೇನೋ ಅನಿಸಿ ನಾಲಿಗೆ ಕಚ್ಚಿಕೊಂಡ. ಅತ್ತೆ ನಕ್ಕುಬಿಟ್ಟರು. ಮತ್ತೊಮ್ಮೆ ಎಂದರು. ಎರಡನೆಯ ಸಲ ಹಲ್ಲುನೋವಿನವರ ಹಾಗಾಯಿತು, ಮೂರನೆಯ ಸಲ ಪೋಲೀಸರ ಹಾಗೆ. ಮೂರು ಗಂಟೆಗೆ ಹೆಂಡತಿ ಮನೆಗೆ ಬಂದಾಗ ಗಂಡ ಅರ್ಧ ವಾಕ್ಯ ಹೇಳಿ ನಿಂತಿದ್ದ, ಅಮ್ಮ ಅವನನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಏನು ಜಗಳವೋ ಎಂದು ಅವಳು ಹೊಸ್ತಿಲಲ್ಲೇ ನಿಂತಳು. ವಿಷಯ ಕೇಳಿದ ಮೇಲೆ ಬ್ಯಾಗು ಕೆಳಗಿಟ್ಟು ತಾನೂ ಕೂತಳು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ನರ್ಸುಗಳು ಬೇರೇನೋ ಕೆಲಸ ಮಾಡುತ್ತಲೇ ರೋಗಿಯ ಮಾತು ಕೇಳುತ್ತಾರೆ, ಹಾಗಾಗಿ ಅವರಿಗೆ ಯಾರೂ ಹೆದರುವುದಿಲ್ಲ ಎಂದಳು. ಅತ್ತೆ ಕೈಗೆ ಸೀಸದ ಬಿಲ್ಲೆ ಮತ್ತು ಸೂಜಿದಾರ ತೆಗೆದುಕೊಂಡರು. ಕೈ ಹೊಲಿಯುತ್ತಿದ್ದರೆ ಮುಖ ತಾನಾಗಿ ಸಡಿಲವಾಯಿತು.

ಮಾರನೆಯ ದಿನ ಅವರು ಚಾರ್ಟನ್ನು ಹಿಡಿದು ಮಹಡಿ ಹತ್ತಿ, ತಪ್ಪಾಯಿತು ಎಂದರು. ಅಷ್ಟೇ. ಬಾ ಎಂದು ಕರೆಯಲಿಲ್ಲ. ಕೆಳಗೆ ಬಂದು ಪೆಟ್ಟಿಗೆಯನ್ನು ಡಬ್ಬಿಯಿಂದ ತೆಗೆಸಿ, ತಂತಿ ಸಿಕ್ಕಿಸಿ, ಹಾಡು ಹಾಕಿಸಿದರು. ಅರ್ಧ ಗಂಟೆಯಲ್ಲಿ ಬಾಗಿಲಲ್ಲಿ ಕನ್ನಡಕದವನು ನಿಂತಿದ್ದ. ಈ ಹಾಡು ಅವನ ತಾಯಿಗೆ ಇಷ್ಟವಾದದ್ದಂತೆ, ವರ್ಷಗಳಿಂದ ಕೇಳಿರಲಿಲ್ಲವಂತೆ. ಇಷ್ಟನ್ನು ಹೇಳಲು ಅವನಿಗೆ ಸಾಕಷ್ಟು ಹೊತ್ತು ಹಿಡಿಯಿತು. ಅತ್ತೆ ಅಂಚು ಹೊಲಿಯುತ್ತ ಕೇಳಿದರು. ಮುಗಿಯುವವರೆಗೆ ಒಂದಕ್ಷರ ಬಾಯಿ ಬಿಡಲಿಲ್ಲ. ತುಟಿ ಮಾತ್ರ ಎರಡು ಸಲ ಅದುರಿದ್ದನ್ನು ಅಳಿಯ ನೋಡಿದ.

ಹಾಡಿನ ಪಲ್ಲವಿ ಬಂದಾಗ ಕನ್ನಡಕದವನು ಮೆಲ್ಲಗೆ ದನಿಗೂಡಿಸಿದ. ಎಲ್ಲೂ ತಡೆಯಲಿಲ್ಲ. ಹಾಡುವಾಗ ತಡೆಯುವುದಿಲ್ಲ, ಯಾರಾದರೂ ಜೊತೆಗೆ ಓದಿದರೂ ತಡೆಯುವುದಿಲ್ಲ, ಶಾಲೆಯಲ್ಲಿ ಎಲ್ಲರ ಜೊತೆ ಮಗ್ಗಿ ಹೇಳುವಾಗ ತಾನೇ ಮುಂದೆ ಎಂದು ಅವನೇ ಹೇಳಿದ. ಹಾಗಾದರೆ ಜೊತೆಗೇ ಓದೋಣ ಎಂದರು ಅತ್ತೆ. ಸಣ್ಣಗೆ ವಾದ್ಯದ ಹಾಡೊಂದನ್ನು ಬಿಟ್ಟುಕೊಂಡು, ಮೂವರೂ ಒಟ್ಟಿಗೆ "ಮೊದಲನೇ ಸಾಲು ಓದಿ" ಎಂದರು. ಅಳಿಯನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೂ ಪರದೆಯ ನೆರಿಗೆ ಹಿಡಿಯುತ್ತಲೇ "ಇದು ಚೆನ್ನಾಗಿದೆಯಾ, ಮೊದಲಿಂದು ಚೆನ್ನಾಗಿತ್ತಾ" ಎಂದು ದನಿ ಸೇರಿಸಿದ. ಪರದೆಯ ಬಟ್ಟೆ ಆರಿಸಲು ಬಂದ ಗಿರಾಕಿಯೊಬ್ಬರು ಎರಡನೆಯದೇ ಚೆನ್ನಾಗಿದೆ ಎಂದು ಹೇಳಿ ಅದನ್ನೇ ಕೊಂಡು ಹೋದರು.

ದಿನಾ ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಮುಕ್ಕಾಲು ಗಂಟೆ ಅವನು ಬರತೊಡಗಿದ. ಮೊದಲು ಮೂರು ದನಿ, ಆಮೇಲೆ ಎರಡು, ಕೊನೆಗೆ ಅವನದೊಂದೇ. ಒಂದೇ ದನಿ ಉಳಿದಾಗ ತಡೆ ಮತ್ತೆ ಬರುತ್ತಿತ್ತು. ಹಾಡಿನ ಜೊತೆ ಹೋದದ್ದು ಹಾಡು ನಿಂತ ಮೇಲೆ ತಿರುಗಿ ಬರುತ್ತದೆ ಎಂದು ಮೊದಲ ವಾರ ಅವನು ಕುಗ್ಗಿಹೋದ. ಅತ್ತೆ ಸಮಾಧಾನದ ಮಾತು ಹೇಳಲಿಲ್ಲ. ಸರಿಹೋಗುತ್ತದೆ ಎಂದೂ ಹೇಳಲಿಲ್ಲ. ತಡೆದಾಗ ನಿನಗೆ ಎಲ್ಲಕ್ಕಿಂತ ಕಷ್ಟ ಯಾವುದು ಎಂದು ಕೇಳಿದರು. ಅವನು ಸ್ವಲ್ಪ ಯೋಚಿಸಿದ.

"ತಡೆಯೋದಲ್ಲ" ಎಂದ. "ಎ... ಎದುರಿಗಿರೋರ ಮುಖ. ನನಗಿಂತ ಅವರಿಗೇ ಜಾಸ್ತಿ ಹಿಂಸೆ ಆಗುತ್ತೆ. ಅದನ್ನ ನೋಡೋಕಾಗಲ್ಲ."

"ನನ್ನ ಮುಖ?"

ಅವನು ಅವರ ಮುಖವನ್ನೂ ಓಡುತ್ತಿದ್ದ ಸೂಜಿಯನ್ನೂ ನೋಡಿದ. ಈಗ ಪರವಾಗಿಲ್ಲ ಎಂದು ಮುಗುಳ್ನಕ್ಕ. ಮೊದಲ ದಿನದ್ದು ಹೇಗಿತ್ತೆಂದು ಅತ್ತೆ ಕೇಳಿದರು. ಅದನ್ನು ಮಾತ್ರ ಅವನು ಹೇಳಲಿಲ್ಲ.

ಹಾಗಾದರೆ ಮೊದಲೇ ಹೇಳಿಬಿಟ್ಟರೆ ಹೇಗೆ ಎಂದು ಅವನಿಗೇ ತೋಚಿದ್ದು ಅಂದೇ. ಬಂದವರಿಗೆ ಮೊದಲೇ ಹೇಳಿದರೆ ಅವರು ಗಾಬರಿಯಾಗುವುದಿಲ್ಲ, ಅವರು ಗಾಬರಿಯಾಗದಿದ್ದರೆ ತನಗೂ ಅಷ್ಟು ತಡೆಯುವುದಿಲ್ಲ. ನನಗೆ ಮಾತು ತಡೆಯುತ್ತದೆ, ಸ್ವಲ್ಪ ಕಾಯಿರಿ ಎಂದು ಅದಕ್ಕೊಂದು ವಾಕ್ಯ ಮಾಡಿಕೊಂಡ. 'ಮ' ಇಲ್ಲದ ವಾಕ್ಯ ಮಾಡಿಕೋ ಎಂದು ಅಳಿಯ ಸಲಹೆ ಕೊಟ್ಟ. ಬೇಡ, ಇರಲಿ ಎಂದ ಕನ್ನಡಕದವನು. ಅದರಿಂದ ತಪ್ಪಿಸಿಕೊಂಡು ಓಡಾಡಿ ಸಾಕಾಗಿದೆ ಎಂದ.

ಹೊಸ ಅಂಗಡಿ ತೆರೆದ ಸೋಮವಾರ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮುಂದಿನ ಮೆಟ್ಟಿಲಿನಿಂದಲೇ ಇಳಿದು ಹೋದ. ಆ ದಿನ ಅಳಿಯ ಒಂದು ಪರದೆಯನ್ನು ಗೇಣುದ್ದ ಕಡಿಮೆ ಕತ್ತರಿಸಿದ. ಅತ್ತೆ ಕಿಟಕಿ ಬಿಟ್ಟು ಕದಲಲಿಲ್ಲ. ಅಂಗಡಿಗೇ ಹೋಗಿ ನೋಡಿ ಬರೋಣವೇ ಎಂದು ಎರಡು ಸಲ ಎದ್ದು, ಎರಡು ಸಲವೂ ತಾವೇ ಬೇಡ ಎಂದು ಕೂತರು.

ಸಂಜೆ ಆರಕ್ಕೆ ಅವನು ಬಂದ. ಮೂವರೂ ಏನೂ ಕೇಳದೆ ಕಾದರು. ಬೆಳಿಗ್ಗೆ ಮೊದಲು ಬಂದ ಹೆಂಗಸು, ಅವನು ತನ್ನ ವಾಕ್ಯವನ್ನು ಹೇಳಲು ತಡವರಿಸುವಾಗಲೇ ಎದ್ದು ಬೇರೆಯವರು ಇಲ್ಲವೇ ಎಂದು ಕೇಳಿದಳಂತೆ. ಯಜಮಾನ ಅದನ್ನು ನೋಡಿದನಂತೆ. ಎರಡನೆಯವನಿಗೆ ಅವಸರ. ಅವನು ಎಲ್ಲ ಪ್ರಶ್ನೆಗಳನ್ನೂ ತಾನೇ ಕೇಳಿ ತಾನೇ ಉತ್ತರ ಕೊಟ್ಟುಕೊಂಡು, ಬೇಡದ ಗಾಜು ಆರಿಸಿದ. ಅಲ್ಲಿಗೆ ಇದು ನನ್ನಿಂದಾಗದು, ಹಿಂದಿನ ಕೋಣೆಗೆ ಹೋಗಿಬಿಡುತ್ತೇನೆ ಅನ್ನಿಸಿತ್ತಂತೆ ಅವನಿಗೆ. ಹೋಗಲಿಲ್ಲ. ಮೂರನೆಯವರು ಒಬ್ಬ ಶಾಲೆಯ ಮೇಷ್ಟರು. ಅವನ ವಾಕ್ಯ ಪೂರ್ತಿ ಕೇಳಿ, ಆಗಲಿ, ನನಗೂ ಇವತ್ತು ಬೇರೆ ಕೆಲಸವಿಲ್ಲ ಎಂದು ಕುರ್ಚಿಗೆ ಒರಗಿ ಕೂತರಂತೆ. ಆಮೇಲಿನದು ಸಲೀಸಾಗಿ ಹೋಯಿತೆಂದಲ್ಲ. ಆದರೆ ಹೋಯಿತು. ದಿನದ ಕೊನೆಗೆ ಹನ್ನೊಂದು ಜನರ ಕಣ್ಣು ನೋಡಿದ್ದ.

ವಾರ ಕಳೆದ ಮೇಲೆ ಯಜಮಾನ ತೀರ್ಮಾನ ಹೇಳಿದ. ಬೆಳಿಗ್ಗೆ ಎಲ್ಲ ಕೌಂಟರಿನಲ್ಲಿ, ಊಟವಾದ ಮೇಲೆ ಹಿಂದಿನ ಕೋಣೆಯಲ್ಲಿ. ನೀನು ನಿಧಾನವಾಗಿ ಕೇಳುವುದರಿಂದ ಜನ ನಿಧಾನವಾಗಿ ಯೋಚಿಸಿ ಹೇಳುತ್ತಾರೆ, ಸರಿಯಿಲ್ಲವೆಂದು ವಾಪಸು ಬರುವ ಕನ್ನಡಕ ಹಳೇ ಅಂಗಡಿಗಿಂತ ಇಲ್ಲಿ ಕಡಿಮೆ ಎಂದನಂತೆ. ಪೂರ್ತಿ ದಿನ ಏಕಿಲ್ಲ ಎಂದು ಅತ್ತೆಗೆ ಸ್ವಲ್ಪ ಕೋಪ ಬಂತು. ಕನ್ನಡಕದವನಿಗೆ ಇಷ್ಟೇ ಬೇಕಾಗಿತ್ತು. ಗಾಜು ಉಜ್ಜುವುದನ್ನೂ ಅವನು ಬಿಡಲಾರ.

ಈಗ ಅವನು ಪಾಠಕ್ಕೆಂದು ಬರುವುದಿಲ್ಲ, ಹಾಡಿಗೆಂದು ಬರುತ್ತಾನೆ. ಮಂಗಳವಾರ ಬೆಳಿಗ್ಗೆ ತನ್ನ ಫೋನಿನಿಂದ ತಾನೇ ಹಾಡು ಹಾಕುತ್ತಾನೆ. ಅತ್ತೆಗೆ ಅವನ ಆಯ್ಕೆ ಒಗ್ಗುವುದಿಲ್ಲ, ಅಳಿಯನಿಗೆ ಅತ್ತೆಯದು ಸಾಕಾಗಿದೆ. ಮೇಜಿನ ಮೇಲೆ ಪರದೆ ಹರಡಿಕೊಂಡಿರುವಾಗ ಈ ವಾದ ನಡೆಯುತ್ತಲೇ ಇರುತ್ತದೆ. ಹಾಡಿನ ಸದ್ದನ್ನೂ ಯಂತ್ರದ ಸದ್ದನ್ನೂ ಮೀರಿ ಮಾತಾಡಬೇಕಾಗಿ ಅತ್ತೆಯ ದನಿ ದಿನೇ ದಿನೇ ದೊಡ್ಡದಾಗುತ್ತಿದೆ. ಇನ್ನು ಸ್ವಲ್ಪ ದಿನ ಹೋದರೆ ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕಾಗುತ್ತದೆ ಎಂದು ಅಳಿಯ ಅವರ ಎದುರಿಗೇ ಹೇಳುತ್ತಾನೆ.

ಕಳೆದ ಮಂಗಳವಾರ ಹೆಂಡತಿಗೂ ರಜೆಯಿತ್ತು. ನಾಲ್ವರೂ ಇದ್ದರು. ಕನ್ನಡಕದವನು ಅಂಗಡಿಗೆ ಬಂದ ಒಬ್ಬ ಮುದುಕರ ಕಥೆ ಹೇಳತೊಡಗಿದ. ಅವರು ಹೊಸ ಕನ್ನಡಕ ವಾಪಸು ತಂದಿದ್ದರು. ಹಾಕಿಕೊಂಡರೆ ಎಲ್ಲ ಮಂಜು, ಪೇಪರಿಲ್ಲ, ಗಡಿಯಾರವಿಲ್ಲ ಎಂದು ಕೂಗಾಡಿದರು. ಇವನು ನೋಡಿದ, ನಿಜ, ಗಾಜು ಅದಲುಬದಲಾಗಿತ್ತು. ತಪ್ಪಾಯಿತು, ಕೊಡಿ, ಐದು ನಿಮಿಷದಲ್ಲಿ ಸರಿಮಾಡುತ್ತೇನೆ ಎಂದು ಕೈ ನೀಡಿದ. ಮುದುಕರು ಕೊಡಲು ಹೋದವರು ಕೈ ಹಿಂದೆಗೆದರು. ಏನೋ ಯೋಚಿಸಿದರು.

"ಇರಲಿ ಬಿಡಪ್ಪ ಅಂದ್ರು. ಯಾಕೆ ಸಾರ್ ಅಂದೆ. ಇದನ್ನ ಹಾಕ್ಕೊಂಡ್ರೆ ನಮ್ಮ ಮ... ಮ... ಮ..."

ಹಾಡು ಅಷ್ಟೊತ್ತಿಗೆ ಮುಗಿದಿತ್ತು. ಕೋಣೆಯಲ್ಲಿ ಒಂದು ಸದ್ದಿಲ್ಲ. ಅತ್ತೆಯ ಸೂಜಿ ಓಡುತ್ತಿತ್ತು. ಅಳಿಯ ಬಟ್ಟೆಯ ಅಂಚು ಮಡಿಸುತ್ತಿದ್ದ. ಅವನ ಹೆಂಡತಿ ಲೋಟ ಹಿಡಿದು ಕಾದಳು. ಯಾರಿಗೂ ಅವಸರವಿರಲಿಲ್ಲ.

"...ಮನೆಯವಳು ಇಪ್ಪತ್ತು ವರ್ಷ ಚಿಕ್ಕವಳಾಗಿ ಕಾಣ್ತಾಳೆ ಅಂದ್ರು."

ಹೆಂಡತಿ ಕುಡಿಯುತ್ತಿದ್ದ ಚಹಾ ಮೂಗಿಗೇರಿತು. ಅಳಿಯ ಮೇಜಿನ ಮೇಲೆ ತಲೆಯಿಟ್ಟು ನಕ್ಕ. ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕಣ್ಣು ಒರೆಸಿಕೊಂಡರು. ಆ ಜಾಗದಲ್ಲಿ ಅಷ್ಟು ಹೊತ್ತು ನಿಲ್ಲಿಸಿದ್ದು ಬಹಳ ಚೆನ್ನಾಗಿತ್ತು, ನಮ್ಮ ಕಂಪನಿಯ ಹಾಸ್ಯದವರಿಗೆ ಎಷ್ಟು ಹೇಳಿದರೂ ಅದು ಬರಲಿಲ್ಲ ಎಂದರು.

"ನಾನು ನಿಲ್ಲಿಸಿದ್ದಲ್ಲಮ್ಮ" ಎಂದ ಕನ್ನಡಕದವನು. "ಅದೇ ನಿಂತಿದ್ದು."

ಆಮೇಲೆ ಅವನೂ ನಕ್ಕ. ಮುದುಕರು ಕೊನೆಗೆ ಆ ಕನ್ನಡಕ ಇಟ್ಟುಕೊಂಡರೋ ಬಿಟ್ಟರೋ ಹೇಳಿ ಎಂದು ಅಳಿಯನ ಹೆಂಡತಿ ಕೇಳಿದಳು. ಹೇಳುತ್ತೇನೆ, ಅದು ಇನ್ನೂ ದೊಡ್ಡ ಕಥೆ ಎಂದು ಅವನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ.